ಸರ್ವರ್ ವಿಳಾಸ ಕಳೆದುಕೊಂಡಾಗ: ಪರೀಕ್ಷೆ, ಪರಿಹಾರ ಮತ್ತು ಲೆಕ್ಕಪತ್ರಗಳ ರಕ್ಷಣೆ

ಸಗಟು ಅಂಗಡಿಗಳಲ್ಲಿಯೂ ಸಣ್ಣ ಕಾರ್ಖಾನೆಗಳಲ್ಲಿಯೂ ಬಿಲ್ಲಿಂಗ್, ದಾಸ್ತಾನು ಹಾಗೂ ಖಾತೆಗಳ ಮಾಹಿತಿಯನ್ನು ಒಂದು ಮುಖ್ಯ ಗಣಕಯಂತ್ರದಲ್ಲಿಟ್ಟು, ಉಳಿದ ಗಣಕಗಳಿಂದ ಅದನ್ನು ಬಳಸುವುದು ರೂಢಿ. ಈ ಮುಖ್ಯ ಗಣಕವೇ ಸರ್ವರ್. ಜಿಎಸ್‌ಟಿಆರ್-3ಬಿ ಸಲ್ಲಿಸಬೇಕಾದ 20ನೆಯ ತಾರೀಖು ಹತ್ತಿರವಿರುವಾಗ ಒಂದು ಬೆಳಿಗ್ಗೆ ಎಲ್ಲ ಗಣಕಗಳಲ್ಲಿಯೂ ‘ಸರ್ವರ್ ಸಿಗುತ್ತಿಲ್ಲ’ ಎಂಬ ಸೂಚನೆ ಕಾಣಿಸಿದರೆ ವ್ಯವಹಾರವೇ ಸ್ಥಗಿತಗೊಳ್ಳುತ್ತದೆ. ತೆರಿಗೆ ಬಾಕಿಯಿರುವ ಮಾಸಿಕ ವಿವರಪಟ್ಟಿ ತಡವಾದರೆ ದಿನಕ್ಕೆ 50 ರೂ. ವಿಳಂಬ ಶುಲ್ಕವೂ, ತಡವಾಗಿ ಪಾವತಿಸಿದ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿಯೂ ಬೀಳುತ್ತವೆ. ಆದರೆ ಇಂತಹ ಎಷ್ಟೋ ಸಂದರ್ಭಗಳಲ್ಲಿ ಮಾಹಿತಿ ಸುರಕ್ಷಿತವಾಗಿಯೇ ಇರುತ್ತದೆ. ಸರ್ವರಿನ ವಿಳಾಸ ಮಾತ್ರ ಬದಲಾಗಿರುತ್ತದೆ.

ವಿಳಾಸವೆಂದರೇನು?

ಮಾರುಕಟ್ಟೆ ಪ್ರಾಂಗಣದಲ್ಲಿ ಪ್ರತಿ ಮಳಿಗೆಗೂ ಸಂಖ್ಯೆಯಿರುವಂತೆ ಜಾಲದ ಪ್ರತಿಯೊಂದು ಗಣಕಕ್ಕೂ 192.168.1.10 ಎಂಬಂತಹ ಐಪಿ ವಿಳಾಸವಿರುತ್ತದೆ. ಇದನ್ನು ಕೊಡುವ ಕ್ರಮಗಳು ಎರಡು. ಒಂದು, ಸರ್ವರಿನಲ್ಲಿಯೇ ಕೈಯಾರೆ ನಮೂದಿಸುವ ಸ್ಥಿರ ವಿಳಾಸ. ಇನ್ನೊಂದು, ರೂಟರ್ ತಾನಾಗಿ ಹಂಚುವ ವಿಳಾಸ. ಈ ಹಂಚಿಕೆಯ ವ್ಯವಸ್ಥೆಗೆ ಡಿಎಚ್‌ಸಿಪಿ ಎಂದು ಹೆಸರು. ಎರಡನೆಯದು ಗುತ್ತಿಗೆಯಂತೆ ನಿಗದಿತ ಅವಧಿಯದು. ಅವಧಿ ಮುಗಿದಾಗ ಅಥವಾ ರೂಟರ್ ಬದಲಾದಾಗ ಬೇರೆ ಸಂಖ್ಯೆ ಬರಬಹುದು.

ಮೊದಲ ಪರೀಕ್ಷೆ

ವಿಂಡೋಸ್ ಸರ್ವರಿನ ಕಮ್ಯಾಂಡ್ ಪ್ರಾಂಪ್ಟ್ ತೆರೆದು, ‘ಐಪಿಕಾನ್ಫಿಗ್’ ಎಂಬ ಆಜ್ಞೆಯನ್ನು ಓರೆಗೆರೆ ಹಾಗೂ ‘ಆಲ್’ ಎಂಬ ಪದದೊಡನೆ ನೀಡಿದರೆ ಈಗಿನ ವಿಳಾಸವೂ, ಡಿಎಚ್‌ಸಿಪಿ ಚಾಲ್ತಿಯಲ್ಲಿದೆಯೇ ಎಂಬುದೂ ತಿಳಿಯುತ್ತವೆ. ಏನನ್ನೂ ಬದಲಿಸುವ ಮುನ್ನ ಇದನ್ನು ಬರೆದಿಟ್ಟುಕೊಳ್ಳತಕ್ಕದ್ದು. ಫಲಿತಾಂಶವನ್ನು ಹೀಗೆ ಅರ್ಥೈಸಬಹುದು.

1. ವಿಳಾಸವು 169.254 ಎಂದು ಆರಂಭವಾಗಿದ್ದು, ಡಿಎಚ್‌ಸಿಪಿ ಚಾಲ್ತಿಯಲ್ಲಿದ್ದರೆ: ಸರ್ವರಿಗೆ ರೂಟರಿನಿಂದ ಉತ್ತರ ಬಂದಿಲ್ಲ. ಕೇಬಲ್, ಸ್ವಿಚ್ ಮತ್ತು ರೂಟರ್‌ಗಳನ್ನು ಪರೀಕ್ಷಿಸಬೇಕು.

2. ಸ್ಥಿರ ವಿಳಾಸ ನಮೂದಿಸಿದ್ದರೂ 169.254 ಕಾಣಿಸಿದರೆ: ಅದೇ ಸಂಖ್ಯೆಯನ್ನು ಜಾಲದ ಬೇರೊಂದು ಉಪಕರಣ ಬಳಸುತ್ತಿರುವ ಸಂಭವ ಹೆಚ್ಚು. ಸರ್ವರಿನ ಕೇಬಲ್ ತೆಗೆದು, ಬೇರೆ ಗಣಕದಿಂದ ಆ ಸಂಖ್ಯೆಗೆ ‘ಪಿಂಗ್’ ಮಾಡಿದಾಗ ಉತ್ತರ ಬಂದರೆ ಸಂಶಯ ನಿಜವಾಯಿತು. ಪ್ರಿಂಟರ್, ಕ್ಯಾಮೆರಾ ರೆಕಾರ್ಡರ್, ಮೊಬೈಲ್ ಫೋನ್‌ಗಳನ್ನು ಹುಡುಕಬೇಕು.

3. ಅಪರಿಚಿತ ಸರಣಿಯ ವಿಳಾಸ ಬಂದಿದ್ದರೆ: ಯಾರಾದರೂ ವೈ-ಫೈಗಾಗಿ ಎರಡನೆಯ ರೂಟರ್ ಜೋಡಿಸಿದ್ದಾರೆಯೇ ಎಂದು ವಿಚಾರಿಸಬೇಕು. ಎರಡು ರೂಟರ್‌ಗಳೂ ವಿಳಾಸ ಹಂಚತೊಡಗಿದರೆ ಗೊಂದಲ ಖಚಿತ.

4. ಸ್ಥಿರವಾಗಿದ್ದ ವಿಳಾಸವು ಡಿಎಚ್‌ಸಿಪಿಗೆ ತಿರುಗಿದ್ದರೆ: ನೆಟ್‌ವರ್ಕ್ ಕಾರ್ಡ್ ಅಥವಾ ಅದರ ಡ್ರೈವರ್ ಬದಲಾಗಿರಬಹುದು. ವಿಂಡೋಸ್ ಅದನ್ನು ಹೊಸ ಕಾರ್ಡ್ ಎಂದು ಎಣಿಸಿದಾಗ ಹಳೆಯ ಸಂಖ್ಯೆ ಮರೆಯಾದ ಕಾರ್ಡಿನ ಹೆಸರಿನಲ್ಲಿಯೇ ಉಳಿಯುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಅಡಗಿರುವ ಸಾಧನಗಳನ್ನು ತೋರಿಸುವಂತೆ ಮಾಡಿ, ಮಸುಕಾಗಿ ಕಾಣುವ ಹಳೆಯ ಕಾರ್ಡನ್ನು ತೆಗೆದು, ಹೊಸದರಲ್ಲಿ ವಿಳಾಸ ನಮೂದಿಸಬೇಕು.

5. ವಿಳಾಸ ಸರಿಯಾಗಿಯೇ ಇದ್ದರೆ: ಜಾಲವನ್ನು ವಿಂಡೋಸ್ ‘ಪಬ್ಲಿಕ್’ ಎಂದು ಗುರುತಿಸಿ, ಫೈರ್‌ವಾಲ್ ಪ್ರವೇಶ ತಡೆದಿದೆಯೇ ಎಂದು ನೋಡಬೇಕು.

ನಾಲ್ಕನೆಯ ಕಾರಣಕ್ಕೆ ನಿದರ್ಶನವಿದೆ. 2018ರ ಮಾರ್ಚ್‌ನಲ್ಲಿ ವಿಂಡೋಸ್ 7 ಮತ್ತು ವಿಂಡೋಸ್ ಸರ್ವರ್ 2008 ಆರ್2 ವ್ಯವಸ್ಥೆಗಳಿಗೆ ಬಿಡುಗಡೆಯಾದ ಕೆಬಿ 4088875 ಎಂಬ ಪರಿಷ್ಕರಣೆಯ ನಂತರ ಹಳೆಯ ನೆಟ್‌ವರ್ಕ್ ಕಾರ್ಡಿನ ಸ್ಥಾನದಲ್ಲಿ ಹೊಸ ವರ್ಚುವಲ್ ಕಾರ್ಡ್ ಬರಬಹುದೆಂದೂ, ಸ್ಥಿರ ವಿಳಾಸಗಳು ಅಳಿಸಿಹೋಗಬಹುದೆಂದೂ ಮೈಕ್ರೋಸಾಫ್ಟ್ ಸಂಸ್ಥೆಯೇ ಪ್ರಕಟಿಸಿತ್ತು. ಭದ್ರತೆಗಾಗಿ ಪರಿಷ್ಕರಣೆಗಳು ಅಗತ್ಯ. ಆದರೆ ಬ್ಯಾಕಪ್ ತೆಗೆದು, ವಿಳಾಸ ಬರೆದಿಟ್ಟು, ಗಡುವಿನ ದಿನಗಳನ್ನು ಬಿಟ್ಟು ಅವುಗಳನ್ನು ಅಳವಡಿಸುವುದು ಲೇಸು.

ಲೆಕ್ಕಪತ್ರಗಳಿಗೆ ಒದಗುವ ಅಪಾಯ

ವಿಳಾಸದ ದೋಷ ಅರ್ಧ ಗಂಟೆಯಲ್ಲಿ ಸರಿಹೋಗಬಹುದು. ಗಾಬರಿಯಲ್ಲಿ ಕೈಗೊಂಡ ಕ್ರಮಗಳ ಪರಿಣಾಮ ವರ್ಷಾಂತ್ಯದ ಲೆಕ್ಕ ಪರಿಶೋಧನೆಯವರೆಗೂ ಕಾಡುತ್ತದೆ. ಹಳೆಯ ಬ್ಯಾಕಪ್ಪನ್ನು ಬೇರೆ ಗಣಕಕ್ಕೆ ಹಾಕಿ ಬಿಲ್ ಮಾಡತೊಡಗಿದರೆ ಒಂದೇ ಸಂಸ್ಥೆಗೆ ಎರಡು ಲೆಕ್ಕಗಳು ಹುಟ್ಟುತ್ತವೆ. ಒಂದೇ ಸಂಖ್ಯೆಯ ಬಿಲ್ ಇಬ್ಬರು ಗ್ರಾಹಕರಿಗೆ ಹೋಗುತ್ತದೆ. ಸಿಜಿಎಸ್‌ಟಿ ನಿಯಮ 46ರ ಪ್ರಕಾರ ಬಿಲ್ಲಿನ ಕ್ರಮಸಂಖ್ಯೆ ಆ ಆರ್ಥಿಕ ವರ್ಷದಲ್ಲಿ ಮತ್ತೊಮ್ಮೆ ಬರಕೂಡದು. ಆದರೆ ಒಂದಕ್ಕಿಂತ ಹೆಚ್ಚು ಸರಣಿಗಳನ್ನು ಇಟ್ಟುಕೊಳ್ಳಲು ಅದೇ ನಿಯಮದಲ್ಲಿ ಅವಕಾಶವಿದೆ. ಆದ್ದರಿಂದ ಆಪತ್ಕಾಲಕ್ಕೆಂದು ಬೇರೆ ಅಕ್ಷರದಿಂದ ಆರಂಭವಾಗುವ ಬಿಲ್ ಪುಸ್ತಕವೊಂದನ್ನು ಮೊದಲೇ ಮುದ್ರಿಸಿಡಬೇಕು. ಸರ್ವರ್ ಸಿದ್ಧವಾದೊಡನೆ ಆ ಬಿಲ್ಲುಗಳನ್ನು ಅದೇ ಸಂಖ್ಯೆಗಳಲ್ಲಿ ಖಾತೆಗೆ ಏರಿಸಬೇಕು. ಇ-ಇನ್‌ವಾಯ್ಸ್ ವ್ಯಾಪ್ತಿಯಲ್ಲಿರುವವರು ನೋಂದಾಯಿತ ಗ್ರಾಹಕರಿಗೆ ನೀಡುವ ಬಿಲ್ಲಿಗೆ ಐಆರ್‌ಎನ್ ಪಡೆಯಲೇಬೇಕು. ಪುಸ್ತಕದ ಬಿಲ್ ಒಂದೇ ಅವರಿಗೆ ಸಾಲದು.

ಶಾಶ್ವತ ವ್ಯವಸ್ಥೆ

ಸರ್ವರಿನ ವಿಳಾಸವನ್ನು ಒಂದೇ ಕಡೆ ನಿರ್ಧರಿಸಬೇಕು. ಸರ್ವರಿನಲ್ಲಿ ಸ್ಥಿರ ಸಂಖ್ಯೆ ಕೊಡುವುದಾದರೆ ಅದು ರೂಟರ್ ಹಂಚುವ ಸಂಖ್ಯೆಗಳ ಮಿತಿಯ ಹೊರಗಿರಬೇಕು. ಇಲ್ಲವಾದರೆ ಕಾರ್ಡಿನ ಮ್ಯಾಕ್ ಸಂಖ್ಯೆಯ ಆಧಾರದ ಮೇಲೆ ರೂಟರಿನಲ್ಲಿಯೇ ವಿಳಾಸವನ್ನು ಕಾಯ್ದಿರಿಸಬೇಕು. ಕಾರ್ಡ್ ಬದಲಾದರೆ ಈ ನಮೂದನ್ನೂ ಬದಲಿಸಬೇಕು. ಸರ್ವರಿಗೆ ಯುಪಿಎಸ್ ಇದ್ದರೆ ಸಾಲದು, ರೂಟರ್ ಮತ್ತು ಸ್ವಿಚ್‌ಗಳಿಗೂ ಇರಬೇಕು.

ಕೊನೆಯದಾಗಿ, ಐಪಿ ವಿಳಾಸ, ಸಬ್‌ನೆಟ್ ಮಾಸ್ಕ್, ಗೇಟ್‌ವೇ, ಡಿಎನ್‌ಎಸ್ ಮತ್ತು ಮ್ಯಾಕ್ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದು ಮಾಲೀಕರು ತಮ್ಮ ಬಳಿಯೇ ಇಟ್ಟುಕೊಳ್ಳಬೇಕು. ದುರಸ್ತಿಗೆ ಬಂದವರು ಏನನ್ನು ಬದಲಿಸಿದರೂ ದಿನಾಂಕ ಮತ್ತು ಸಹಿಯೊಡನೆ ಅದರಲ್ಲಿ ನಮೂದಾಗಬೇಕು. ರೋಕಡ ಪುಸ್ತಕಕ್ಕೆ ಅನ್ವಯಿಸುವ ಶಿಸ್ತನ್ನು ಈ ಒಂದು ಹಾಳೆಗೂ ಅನ್ವಯಿಸಿದರೆ, ಮುಂದಿನ ಬಾರಿ ಸರ್ವರ್ ಕಾಣದಾದಾಗ ಬಂದ ತಂತ್ರಜ್ಞರು ಊಹಿಸುತ್ತ ಕೂರಬೇಕಾಗುವುದಿಲ್ಲ.