ಅನಾನಸಿನ ಎಲೆಯಲ್ಲಿ ಹಗಲು ಮತ್ತು ರಾತ್ರಿ

ಶಿವಮೊಗ್ಗದಿಂದ ಹೊರಡುವ ಸವಳಂಗ ರಸ್ತೆಯು ನವುಲೆಯ ಕೃಷಿ ಕಾಲೇಜನ್ನು ದಾಟಿ, ಸವಳಂಗದ ಮೂಲಕ ಶಿಕಾರಿಪುರಕ್ಕೂ, ಅಲ್ಲಿಂದ ಮುಂದೆ ಸೊರಬ, ಆನವಟ್ಟಿಗಳ ಕಡೆಗೂ ಹೋಗುತ್ತದೆ. ಆ ಸೀಮೆಯಲ್ಲಿ ಬೆಳೆದ ಅನಾನಸು ಬೇಸಗೆಯಲ್ಲಿ ಈ ರಸ್ತೆಯ ಬದಿಯ ಕೈಗಾಡಿಗಳ ಮೇಲೆ ರಾಶಿಬಿದ್ದಿರುತ್ತದೆ. ಒಂದು ಸಂಜೆ ನನ್ನೊಡನಿದ್ದ ವಿದ್ಯಾರ್ಥಿಯೊಬ್ಬನು, "ಇದಕ್ಕೆ ನೀರು ಬಹಳ ಬೇಕೇನಣ್ಣ?" ಎಂದು ಗಾಡಿಯವನನ್ನು ಕೇಳಿದನು. "ಅಡಿಕೆ ಹಾಗೆ ಕೇಳೋದಿಲ್ಲ ತಮ್ಮಾ. ಮಳೆ ತಡವಾದ್ರೂ ಜೀವ ಹಿಡ್ಕೊಂಡಿರುತ್ತೆ" ಎಂದು ಉತ್ತರ ಬಂದಿತು. ಹಣ್ಣಿನ ತುಂಬ ರಸ, ಗಿಡಕ್ಕೆ ಮಾತ್ರ ಅಲ್ಪ ನೀರು: ಇದು ಹೇಗೆ ಸಾಧ್ಯ? ಹುಡುಗನ ಈ ಪ್ರಶ್ನೆಗೆ ಉತ್ತರವನ್ನು ಸಸ್ಯಶಾಸ್ತ್ರದಲ್ಲಷ್ಟೇ ಅಲ್ಲ, ಭೌತಶಾಸ್ತ್ರದಲ್ಲಿಯೂ ಹುಡುಕಬೇಕಾಗುತ್ತದೆ.

ಅನಾನಸು ನಮ್ಮ ನೆಲದ ಸಸ್ಯವಲ್ಲ. ಕೊಲಂಬಸನು ಇದನ್ನು 1493ರಲ್ಲಿ ಗ್ವಾಡಲೂಪ್ ದ್ವೀಪದಲ್ಲಿ ಕಂಡನು. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಇದನ್ನು ಭಾರತಕ್ಕೆ ತಂದರು. ಇದು ಸೇರಿರುವ ಬ್ರೊಮೇಲಿಯ ಕುಟುಂಬದಲ್ಲಿ 3,000ಕ್ಕೂ ಮಿಕ್ಕ ಪ್ರಭೇದಗಳಿವೆ. ಪಶ್ಚಿಮ ಆಫ್ರಿಕದ ಒಂದನ್ನು ಬಿಟ್ಟರೆ ಉಳಿದವೆಲ್ಲವೂ ಅಮೆರಿಕ ಖಂಡಗಳವು. ಬೇರನ್ನು ನೆಲಕ್ಕಿಳಿಸದೆ ಮರದ ಕೊಂಬೆಯ ಮೇಲೆ ಕುಳಿತು, ಎಲೆಗಳ ಬುಡದಲ್ಲಿ ಮಳೆಯ ನೀರನ್ನು ಹಿಡಿದಿಟ್ಟುಕೊಂಡು ಬಾಳುವ ಸಸ್ಯಗಳು ಇವುಗಳಲ್ಲಿ ಅನೇಕ. ಮಿತವ್ಯಯ ಈ ಕುಟುಂಬದ ಕುಲಧರ್ಮವೆಂದರೂ ತಪ್ಪಿಲ್ಲ.

ಹಸುರು ಗಿಡಕ್ಕೆ ಒಂದು ಸಂಕಟವುಂಟು. ಸಕ್ಕರೆಯನ್ನು ತಯಾರಿಸಲು ಅದಕ್ಕೆ ಅಂಗಾರಾಮ್ಲವಾಯು, ಎಂದರೆ ಇಂಗಾಲದ ಡೈ ಆಕ್ಸೈಡು ಬೇಕು. ಗಾಳಿಯ 10,000 ಪಾಲಿನಲ್ಲಿ ಅದು ಇರುವುದು ಸುಮಾರು 4 ಪಾಲು ಮಾತ್ರ. ಅದನ್ನು ಒಳಕ್ಕೆ ಬಿಟ್ಟುಕೊಳ್ಳಲು ಎಲೆಯು ತನ್ನ ಪತ್ರರಂಧ್ರಗಳನ್ನು ತೆರೆಯಬೇಕು. ತೆರೆದೊಡನೆಯೇ ಒಳಗಿನ ನೀರು ಆವಿಯಾಗಿ ಹೊರಕ್ಕೆ ಹೋಗುತ್ತದೆ. ಬಾಗಿಲು ಒಂದೇ, ಬರುವ ಅತಿಥಿ ಒಬ್ಬನಾದರೆ ಹೊರಟುಹೋಗುವವರು ನೂರಾರು ಮಂದಿ.

ಎಷ್ಟು ನೀರು ಹೊರಹೋಗುತ್ತದೆ ಎಂಬುದು ಎಲೆಯ ಒಳಗಿನ ಮತ್ತು ಹೊರಗಿನ ಬಾಷ್ಪದ ಒತ್ತಡಗಳ ಅಂತರವನ್ನು ಅವಲಂಬಿಸಿದೆ. ಎಲೆಯ ಒಳಗಿನ ಗಾಳಿ ಯಾವಾಗಲೂ ಹೆಚ್ಚುಕಡಿಮೆ ಪರ್ಯಾಪ್ತ. ಬೇಸಗೆಯ ಒಂದು ಮಧ್ಯಾಹ್ನ ಉಷ್ಣತೆ 35 ಡಿಗ್ರಿ ಸೆಂಟಿಗ್ರೇಡ್, ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ 40 ಎಂದಿಟ್ಟುಕೊಳ್ಳೋಣ. ಆ ಉಷ್ಣತೆಯಲ್ಲಿ ಪರ್ಯಾಪ್ತ ಬಾಷ್ಪದ ಒತ್ತಡ ಪಾದರಸದ 42.2 ಮಿಲಿಮೀಟರು. ಹೊರಗೆ ಇರುವುದು ಅದರ ನೂರಕ್ಕೆ 40 ಪಾಲು, ಎಂದರೆ 16.9. ಅಂತರ 25.3. ಅದೇ ದಿನ ರಾತ್ರಿ 20 ಡಿಗ್ರಿ ಉಷ್ಣತೆ, ನೂರಕ್ಕೆ 80 ಆರ್ದ್ರತೆ ಇದ್ದರೆ ಒಳಗೆ 17.5, ಹೊರಗೆ 14. ಅಂತರ ಕೇವಲ 3.5. ರಂಧ್ರದ ಅಗಲವು ಒಂದೇ ಆಗಿದ್ದರೂ ರಾತ್ರಿ ಸೋರುವ ನೀರು ಹಗಲಿನ ಏಳನೆಯ ಒಂದು ಪಾಲು! ಬಿಸಿಲಿನಲ್ಲಿ ಎಲೆಯು ಗಾಳಿಗಿಂತಲೂ ಬಿಸಿಯಾಗುವುದನ್ನು ಲೆಕ್ಕಕ್ಕೆ ಸೇರಿಸಿದರೆ ವ್ಯತ್ಯಾಸ ಮತ್ತಷ್ಟು ಹೆಚ್ಚುತ್ತದೆ.

ಅನಾನಸು ಈ ಲೆಕ್ಕವನ್ನು ಬಲ್ಲ ಗಿಡ. ಅದು ಬಿಸಿಲಿನ ಹೊತ್ತಿನಲ್ಲಿ ರಂಧ್ರಗಳನ್ನು ಮುಚ್ಚಿ, ರಾತ್ರಿಯಲ್ಲಿ ತೆರೆಯುತ್ತದೆ. ಆದರೆ ರಾತ್ರಿ ಬೆಳಕಿಲ್ಲ, ಸಕ್ಕರೆಯ ತಯಾರಿಕೆ ನಡೆಯದು. ಆದಕಾರಣ ಒಳಬಂದ ವಾಯುವನ್ನು ಮ್ಯಾಲಿಕ್ ಆಮ್ಲದ ರೂಪಕ್ಕೆ ತಿರುಗಿಸಿ ಜೀವಕೋಶಗಳ ರಸಧಾನಿಗಳಲ್ಲಿ ಕೂಡಿಡುತ್ತದೆ. ಬೆಳಗಾದ ಮೇಲೆ ಬಾಗಿಲು ಹಾಕಿಕೊಂಡು, ಆ ಆಮ್ಲವನ್ನು ಒಡೆದು, ಬಿಡುಗಡೆಯಾದ ವಾಯುವಿನಿಂದ ಸೂರ್ಯನ ಬೆಳಕಿನಲ್ಲಿ ಸಕ್ಕರೆಯನ್ನು ಮಾಡುತ್ತದೆ. ಒಂದು ಗ್ರಾಂ ಅಂಗಾರಾಮ್ಲವಾಯುವನ್ನು ಗಳಿಸಲು ಭತ್ತದಂತಹ ಸಾಧಾರಣ ಗಿಡಗಳು 400ರಿಂದ 500 ಗ್ರಾಂ ನೀರನ್ನು ಕಳೆದುಕೊಂಡರೆ, ಈ ಕ್ರಮದ ಗಿಡಗಳು ಕಳೆದುಕೊಳ್ಳುವುದು 50ರಿಂದ 100 ಗ್ರಾಂ. ಗಿಡಗಳು ಹಗಲು ಅಂಗಾರಾಮ್ಲವಾಯುವನ್ನು ಹೀರಿ ರಾತ್ರಿ ಹೊರಬಿಡುತ್ತವೆಂದು ಶಾಲೆಯಲ್ಲಿ ಉರುಹೊಡೆದವರು ಅನಾನಸಿನ ತೋಟಕ್ಕೆ ಬಂದಾಗ ತಮ್ಮ ಪಾಠವನ್ನು ತಿದ್ದಿಕೊಳ್ಳಬೇಕು.

ಈ ವಿಚಿತ್ರದ ಸುಳಿವು ಭಾರತದಲ್ಲಿಯೇ ಒಬ್ಬರ ನಾಲಗೆಗೆ ಸಿಕ್ಕಿತ್ತು. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಬೆಂಗಳೂರಿನ ಲಾಲ್‌ಬಾಗನ್ನು ಕೆಲಕಾಲ ನೋಡಿಕೊಂಡ ಈಸ್ಟ್ ಇಂಡಿಯಾ ಕಂಪೆನಿಯ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೇಯ್ನ್ ಅವರು, ಕಾಡುಬಸಳೆಯ ಎಲೆಯು ಬೆಳಗ್ಗೆ ಹುಳಿಯಾಗಿಯೂ, ನಡುಹಗಲಿಗೆ ರುಚಿಹೀನವಾಗಿಯೂ, ಸಂಜೆಗೆ ಸ್ವಲ್ಪ ಕಹಿಯಾಗಿಯೂ ಇರುವುದನ್ನು 1813ರಲ್ಲಿ ಲಂಡನ್ನಿಗೆ ಬರೆದು ತಿಳಿಸಿದರು. ಎಲೆಯ ಅಂಚಿನಲ್ಲಿ ಮರಿಗಿಡಗಳನ್ನು ಹಡೆಯುವ ಆ ಕಾಡುಬಸಳೆಯನ್ನು ಎಲ್ಲರೂ ಕಂಡಿದ್ದಾರೆ. ಅವರ ರುಚಿ ಸರಿಯಾಗಿತ್ತು. ಹುಳಿಗೆ ಆಮ್ಲಜನಕವೇ ಕಾರಣವೆಂಬ ಅವರ ವಿವರಣೆ ಮಾತ್ರ ನಿಲ್ಲಲಿಲ್ಲ. ಹುಳಿಗೂ ರಾತ್ರಿ ಒಳಸೇರುವ ಅಂಗಾರಾಮ್ಲವಾಯುವಿಗೂ ಇರುವ ಸಂಬಂಧ ಸ್ಪಷ್ಟವಾಗಲು 1940ರ ದಶಕದವರೆಗೆ ಕಾಯಬೇಕಾಯಿತು.

ಮಿತವ್ಯಯಕ್ಕೆ ಬೆಲೆಯೂ ಉಂಟು. ರಸಧಾನಿಯಲ್ಲಿ ಹಿಡಿಯುವಷ್ಟು ಆಮ್ಲವೇ ಮರುದಿನದ ಮುಖ್ಯ ಬಂಡವಾಳ. ಆದ್ದರಿಂದ ಬೆಳವಣಿಗೆ ನಿಧಾನ, ನೆಟ್ಟ ಕಂದು ಹಣ್ಣು ಕೊಡಲು ಸುಮಾರು ಒಂದೂವರೆ ವರ್ಷ ಬೇಕು. ಆವಿಯಾಗುವ ನೀರು ಗ್ರಾಮಿಗೆ 580 ಕ್ಯಾಲೊರಿಯಷ್ಟು ಶಾಖವನ್ನು ಒಯ್ಯುತ್ತದೆಯಷ್ಟೆ. ಬಾಗಿಲು ಮುಚ್ಚಿದ ಎಲೆಗೆ ಆ ತಂಪು ದೊರೆಯದು.

ಈ ಗಿಡದ ಇನ್ನಿತರ ಉಪಯೋಗಗಳಲ್ಲಿ ಮುಖ್ಯವಾದುದು ಬ್ರೊಮೆಲೇನ್ ಎಂಬ ಕಿಣ್ವ. ಪ್ರೋಟೀನುಗಳನ್ನು ಒಡೆಯುವ ಇದರಿಂದಲೇ ಹಸಿ ಅನಾನಸನ್ನು ಹೆಚ್ಚು ತಿಂದಾಗ ನಾಲಗೆ ಚುರುಗುಟ್ಟುತ್ತದೆ. ಹಣ್ಣು ಕೊಯ್ದ ಮೇಲೆ ಬಿಸಾಡುವ ಕಾಂಡದಲ್ಲಿ ಅದು ಹೇರಳವಾಗಿರುವುದನ್ನು 1957ರಲ್ಲಿ ಹೈನಿಕಿ ಮತ್ತು ಗಾರ್ಟ್‌ನರ್ ಪ್ರಕಟಿಸಿದರು. ಸುಟ್ಟ ಗಾಯಗಳ ಸತ್ತ ಚರ್ಮವನ್ನು ಕರಗಿಸುವ ಔಷಧವೊಂದನ್ನು ಇದರಿಂದ ತಯಾರಿಸಿದ್ದಾರೆ. ಅದಕ್ಕೆ ಯೂರೋಪಿನಲ್ಲಿ 2012ರಲ್ಲಿಯೂ ಅಮೆರಿಕದಲ್ಲಿ 2022ರಲ್ಲಿಯೂ ಒಪ್ಪಿಗೆ ದೊರೆಯಿತು. ಆದರೆ ಸಂಶೋಧಕರ ದೃಷ್ಟಿ ಹೆಚ್ಚಾಗಿ ನೆಟ್ಟಿರುವುದು ರಾತ್ರಿಯ ಆಮ್ಲದ ಮೇಲೆಯೇ. 2015ರಲ್ಲಿ ಅನಾನಸಿನ ಜೀನುಗಳ ಪೂರ್ಣ ನಕ್ಷೆ ಪ್ರಕಟವಾಯಿತು. ಈ ಕ್ರಮವನ್ನು ಬೇರೆ ಬೆಳೆಗಳಿಗೆ ಕಲಿಸಬಹುದೇ ಎಂಬ ಯತ್ನ ಪ್ರಯೋಗಶಾಲೆಗಳಲ್ಲಿ ನಡೆದಿದೆ. ಕೆರೆ ಬತ್ತಿದ ವರ್ಷವನ್ನು ಕಂಡವರಿಗೆ ಅದರ ಮಹತ್ವವನ್ನು ಹೇಳಬೇಕಾಗಿಲ್ಲ.

ಹೇಯ್ನ್ ಅವರ ನಾಲಗೆಯ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಬ್ಯೂರೆಟ್ಟಿನಿಂದ ಮಾಡಬಹುದು. ಅನಾನಸಿನ ಒಂದೇ ಎಲೆಯ ಹಸುರು ಭಾಗದಿಂದ ಬೆಳಗ್ಗೆ 6 ಗಂಟೆಗೆ 10 ಗ್ರಾಂ, ಸಂಜೆ 4 ಗಂಟೆಗೆ 10 ಗ್ರಾಂ ಕತ್ತರಿಸಿಕೊಳ್ಳಿ. ಪ್ರತಿಯೊಂದನ್ನೂ ಒಡನೆಯೇ 100 ಮಿಲಿಲೀಟರು ಕುದಿಯುವ ನೀರಿಗೆ ಹಾಕಬೇಕು. ತಡಮಾಡಿದರೆ ಕಿಣ್ವಗಳು ತಮ್ಮ ಕೆಲಸವನ್ನು ಮುಂದುವರಿಸುತ್ತವೆ. ಅರೆದು, ಸೋಸಿ, ಎರಡು ತೊಟ್ಟು ಫಿನಾಲ್‌ಫ್ತಲೀನ್ ಬೆರೆಸಿ, 0.1 ನಾರ್ಮಲ್ ಕಾಸ್ಟಿಕ್ ಸೋಡಾ ದ್ರಾವಣವನ್ನು ನಸುಗೆಂಪು ನಿಲ್ಲುವವರೆಗೆ ತೊಟ್ಟಿಕ್ಕಿಸಿ. ಬೆಳಗಿನ ಎಲೆಗೆ ಹೆಚ್ಚು ಸೋಡಾ ಬೇಕಾಗುತ್ತದೆ. ಆ ಹೆಚ್ಚಳವೇ ರಾತ್ರಿಯ ಸಂಪಾದನೆ. ಹುಡುಗರು ತಂಪು ಇರುಳಿನ ಮರುದಿನ ಒಮ್ಮೆ, ಸೆಕೆಯ ಇರುಳಿನ ಮರುದಿನ ಒಮ್ಮೆ ಇದನ್ನು ಮಾಡಿ ಎರಡು ಹೆಚ್ಚಳಗಳನ್ನೂ ಹೋಲಿಸಿ ನೋಡಲಿ.