ಕೃತಿಯೊಳಗಿನ ‘ನಾನು’ ಯಾರು?

ಸಣ್ಣಕಥೆ ಮತ್ತು ಕವಿತೆಗಳ ಓದಿನಲ್ಲಿ ಪಾತ್ರ, ಸನ್ನಿವೇಶ, ಪ್ರತಿಮೆ, ಛಂದಸ್ಸು ಮೊದಲಾದ ಅಂಗಗಳನ್ನು ಗುರುತಿಸುವುದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಇಲ್ಲಿ ಮಾತನಾಡುತ್ತಿರುವವರು ಯಾರು, ಆ ಮಾತು ಯಾರಿಗೆ? ಪ್ರಶ್ನೆ ತೀರ ಸರಳವೆಂದು ತೋರುವುದರಿಂದಲೇ ತರಗತಿಗಳಲ್ಲಿ ಅದನ್ನು ದಾಟಿ ಮುಂದೆ ಹೋಗುವ ರೂಢಿ ಬೆಳೆದಿದೆ. ಬಹುಕಾಲ ಸಾಹಿತ್ಯವನ್ನು ಬೋಧಿಸಿದ ಈ ಲೇಖಕನೂ ಆ ರೂಢಿಗೆ ಹೊರತಾಗಿರಲಿಲ್ಲ. ಕೃತಿಕಾರರ ಪರಿಚಯವನ್ನು ಮೊದಲು ಓದಿಸಿ, ಹುಟ್ಟಿದ ಊರು, ಪಡೆದ ಪ್ರಶಸ್ತಿ, ಬಾಳಿನ ಕಷ್ಟಸುಖಗಳನ್ನು ಬರೆಯಿಸಿ, ಅನಂತರ ಕೃತಿಗೆ ಬರುವ ಕ್ರಮದಿಂದ ಆಗುವ ನಷ್ಟ ಎಷ್ಟೆಂಬುದು ಆತನಿಗೆ ತಿಳಿದದ್ದು ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಿಂದ.

ಮಾಸ್ತಿ ವೆಂಕಟೇಶ ಅಯ್ಯಂಗಾರ್ (1891–1986) ಅವರ ‘ಮೊಸರಿನ ಮಂಗಮ್ಮ’ ಕಥೆಯನ್ನು ಕುರಿತ ಉತ್ತರಗಳಲ್ಲಿ, ಮಾಸ್ತಿಯವರು ಮಂಗಮ್ಮನಿಂದ ಮೊಸರು ಕೊಳ್ಳುತ್ತಿದ್ದರು ಎಂಬ ಅರ್ಥದ ವಾಕ್ಯ ವರ್ಷವರ್ಷವೂ ಮರಳಿ ಬರುತ್ತಿತ್ತು. ಆದರೆ ಆ ಕಥೆಯನ್ನು ಹೇಳುವವಳು ಮೊಸರು ಕೊಳ್ಳುವ ಮನೆಯ ಗೃಹಿಣಿ. ಮಂಗಮ್ಮ ಗಂಡನ ವಿಷಯ, ಸೊಸೆಯ ವಿಷಯ, ಮೊಮ್ಮಗನ ವಿಷಯಗಳನ್ನೆಲ್ಲ ತೋಡಿಕೊಳ್ಳುವುದು ಇನ್ನೊಬ್ಬ ಹೆಂಗಸಿನ ಮುಂದೆ. ಎದುರಿಗಿರುವುದು ಗಂಡಸೆಂದು ಭಾವಿಸಿ ಓದಿದರೆ ಆ ಮಾತುಗಳ ಸಲಿಗೆ, ನಡುನಡುವೆ ಬರುವ ಬುದ್ಧಿವಾದ, ಎಲೆಅಡಿಕೆಯ ವಿರಾಮ ಯಾವುದೂ ಸರಿಯಾದ ಸ್ಥಾನದಲ್ಲಿ ನಿಲ್ಲುವುದಿಲ್ಲ. ಕಥೆಯನ್ನು ಬರೆದವರು ಕಥೆಗಾರರು; ಕಥೆಯೊಳಗಿದ್ದುಕೊಂಡು ಅದನ್ನು ಹೇಳುವ ವ್ಯಕ್ತಿ ನಿರೂಪಕ ಅಥವಾ ನಿರೂಪಕಿ. ಈ ಎರಡರ ನಡುವಣ ಅಂತರವನ್ನು ಕಂಡುಕೊಂಡ ಮೇಲೆಯೇ ದೃಷ್ಟಿಕೋನ, ಅಂದರೆ ಯಾರ ಕಣ್ಣಿನಿಂದ ಮತ್ತು ಯಾರ ತಿಳಿವಳಿಕೆಯ ಮಿತಿಯಲ್ಲಿ ಘಟನೆಗಳು ನಮಗೆ ಕಾಣುತ್ತಿವೆ ಎಂಬುದು, ಅರ್ಥವುಳ್ಳ ಪರಿಭಾಷೆಯಾಗುತ್ತದೆ. ಈ ಗೃಹಿಣಿಗೆ ಗೊತ್ತಿರುವುದು ತನ್ನ ಮನೆಯ ಬಾಗಿಲಿಗೆ ಬಂದ ಮಾತುಗಳಷ್ಟೆ. ಮೊದಲು ಅತ್ತೆಯ ಬಾಯಿಂದ ಕೇಳಿದ ಜಗಳವನ್ನು ಆಮೇಲೆ ಸೊಸೆ ನಂಜಮ್ಮನ ಬಾಯಿಂದ ಕೇಳಿದಾಗ ಓದುಗರ ತೀರ್ಮಾನ ತಾನಾಗಿ ಸ್ಥಳ ಬದಲಿಸುತ್ತದೆ. ಮಾಸ್ತಿಯವರ ಸಮಭಾವವೆಂದು ವಿಮರ್ಶೆ ಹೊಗಳುತ್ತ ಬಂದಿರುವ ಗುಣ ಈ ಕಥೆಯಲ್ಲಿ ಒಂದು ಉಪದೇಶವಾಗಿ ಬಂದಿಲ್ಲ, ಇಬ್ಬರ ಮಾತನ್ನೂ ಒಂದೇ ಕಿವಿಗೆ ಮುಟ್ಟಿಸುವ ಕಥನಕ್ರಮವಾಗಿ ಬಂದಿದೆ ಎಂಬುದು ನಿರೂಪಕಿಯನ್ನು ಗುರುತಿಸದ ಓದಿಗೆ ಸಿಗಲಾರದು.

ಯು. ಆರ್. ಅನಂತಮೂರ್ತಿಯವರ (1932–2014) ‘ಘಟಶ್ರಾದ್ಧ’ದಲ್ಲಿ ಇದೇ ಅಂತರ ಬೇರೆ ಬಗೆಯಲ್ಲಿ ಕೆಲಸ ಮಾಡುತ್ತದೆ. ವೇದ ಕಲಿಯಲು ಬಂದ ಹುಡುಗನೊಬ್ಬ ವಿಧವೆ ಯಮುನಕ್ಕನಿಗೆ ಒದಗಿದ ಸಂಕಟವನ್ನು ಹತ್ತಿರದಿಂದ ಕಾಣುತ್ತಾನೆ, ಆದರೆ ಕಂಡದ್ದರ ಪೂರ್ಣಾರ್ಥ ಅವನಿಗೆ ಆಗುವುದಿಲ್ಲ. ಹುಡುಗನಿಗೆ ತಿಳಿಯದ್ದು ಓದುಗರಿಗೆ ತಿಳಿಯುತ್ತದೆ, ಕಥೆಯ ಭಯವೆಲ್ಲ ಆ ವ್ಯತ್ಯಾಸದಲ್ಲಿಯೇ ಹುಟ್ಟುತ್ತದೆ. ಲೇಖಕರು ಮಲೆನಾಡಿನ ಬ್ರಾಹ್ಮಣ ಪರಿಸರದಲ್ಲಿ ಬೆಳೆದವರೆಂಬ ಸಂಗತಿ ಅಗ್ರಹಾರದ ವಿವರಗಳು ಎಲ್ಲಿಂದ ಬಂದವೆಂಬುದನ್ನು ಹೇಳಬಲ್ಲದೇ ಹೊರತು, ಆ ಭಯ ಹೇಗೆ ಕಟ್ಟಲ್ಪಟ್ಟಿತೆಂಬುದನ್ನು ಹೇಳಲಾರದು.

ಕವಿತೆಯ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು, ಏಕೆಂದರೆ ಭಾವಗೀತೆಯ ‘ನಾನು’ವನ್ನು ಕವಿಯೆಂದೇ ಹಿಡಿಯುವುದು ಸಹಜವೆನಿಸುತ್ತದೆ. ಧಾರವಾಡದ ದ. ರಾ. ಬೇಂದ್ರೆಯವರು (1896–1981) ಮಗುವನ್ನು ಕಳೆದುಕೊಂಡ ದುಃಖದ ಹಿನ್ನೆಲೆಯಲ್ಲಿ ಬರೆದ, ಹೆಂಡತಿಯ ನೋಟವನ್ನು ಎದುರಿಸಲಾರದ ಗಂಡನ ಮಾತಿನ ರೂಪದಲ್ಲಿರುವ ಪ್ರಸಿದ್ಧ ಕವನ ಇದಕ್ಕೆ ಒಳ್ಳೆಯ ನಿದರ್ಶನ. ಆ ಹಿನ್ನೆಲೆಯನ್ನು ಮೊದಲೇ ಕೇಳಿದ ತರಗತಿ ಕವಿಗಾಗಿ ಮರುಗುತ್ತದೆ. ಆ ಮರುಕ ನಿಜವಾದದ್ದು, ಮಾನವೀಯವಾದದ್ದು, ಆದರೆ ಅದು ಕವಿತೆಯ ಓದಲ್ಲ. ಹಿನ್ನೆಲೆಯನ್ನು ತಡೆಹಿಡಿದು, ಕವನವನ್ನಷ್ಟೇ ಎರಡು ಮೂರು ಸಲ ಗಟ್ಟಿಯಾಗಿ ಓದಿಸಿದ ವರ್ಷ, ವಿದ್ಯಾರ್ಥಿಗಳು ತಾವಾಗಿಯೇ ಒಂದು ಸೂಕ್ಷ್ಮವನ್ನು ಕಂಡುಹಿಡಿದರು. ಕೂಸು ಸತ್ತಿದೆ ಎಂಬ ಮಾತು ಕವನದಲ್ಲಿ ಎಲ್ಲಿಯೂ ಇಲ್ಲ. ಅದು ಮಲಗಿದೆ ಎಂದಷ್ಟೇ ಇದೆ. ಸಾವು ಎಂಬ ಶಬ್ದ ಬರುವುದು ಕೈಯಾಡಿಸಿಕೊಂಡು ಹೋದಂತೆ ಕಂದಿದ ಹೆಂಡತಿಯ ಮುಖವನ್ನು ಕುರಿತು, ಹೆಣ ಎಂಬ ಶಬ್ದ ಬರುವುದು ಹಗಲಿನ ಆಕಾಶದಲ್ಲಿ ತೇಲುವ ಹುಣ್ಣಿಮೆಯ ಚಂದ್ರನನ್ನು ಕುರಿತು. ಕೂಸಿನ ಬಳಿ ಇಡಲಾರದ ಶಬ್ದಗಳನ್ನು ಆ ತಂದೆ ಬೇರೆಡೆ ಇಡುತ್ತಿದ್ದಾನೆ.

ಭಾರತೀಯ ಕಾವ್ಯಮೀಮಾಂಸೆ ಇದನ್ನು ಧ್ವನಿ ಎಂದು ಕರೆಯುತ್ತದೆ. ಶಬ್ದ ನೇರವಾಗಿ ತಿಳಿಸುವ ಅರ್ಥ ವಾಚ್ಯ. ಅದನ್ನು ಆಧಾರವಾಗಿಟ್ಟುಕೊಂಡು, ಅದನ್ನು ಮೀರಿ ಹೊಳೆಯುವ ಅರ್ಥ ವ್ಯಂಗ್ಯ. ವ್ಯಂಗ್ಯವೇ ಪ್ರಧಾನವಾಗಿರುವ ಕಾವ್ಯವನ್ನು 9ನೆಯ ಶತಮಾನದ ಕಾಶ್ಮೀರದ ಆನಂದವರ್ಧನ ಧ್ವನಿಯೆಂದ. ಈ ಲಕ್ಷಣವನ್ನು ಬಾಯಿಪಾಠ ಮಾಡಿಸಿದ ವರ್ಷಗಳಲ್ಲಿ ಅದು ಯಾರಿಗೂ ಬೇಕಾಗಿರಲಿಲ್ಲ, ಹೆಣವೆಂಬ ಒಂದು ಶಬ್ದ ಚಂದ್ರನ ಮೇಲೆ ಏಕೆ ಬಿದ್ದಿತೆಂದು ಕೇಳಿದ ವಿದ್ಯಾರ್ಥಿಗೆ ಅದು ತಕ್ಷಣ ಬೇಕಾಯಿತು. ಹಾಗೆಯೇ ಹೆಂಡತಿಯ ರೆಪ್ಪೆ ಬಡಿಯದ ಕಣ್ಣು, ತುಟಿ ಕಚ್ಚಿ ತಡೆದ ಬಿಕ್ಕು ಇವೆಲ್ಲ ಅನುಭಾವಗಳು, ಎಂದರೆ ಒಳಗಿನ ಭಾವವನ್ನು ಹೊರಗೆ ತೋರುವ ದೇಹದ ವಿಕಾರಗಳು ಎಂದು ತಿಳಿಸಲು ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ. ಭಟ್ಟನಾಯಕ ಹೇಳಿದ ಸಾಧಾರಣೀಕರಣ, ಅಂದರೆ ಇಂಥವರ ಮನೆಯ ಶೋಕವೆಂಬ ಗುರುತನ್ನು ಕಳಚಿಕೊಂಡು ಭಾವವು ಓದುವವರೆಲ್ಲರದಾಗುವ ಕ್ರಿಯೆ, ಕವಿಯ ಮನೆಯ ಕಥೆಯನ್ನೇ ಮುಂದಿಟ್ಟುಕೊಂಡ ಓದಿನಲ್ಲಿ ನಡೆಯುವುದೇ ಕಷ್ಟ.

ಇದರಿಂದ ಲೇಖಕರ ಜೀವನಚರಿತ್ರೆ ಬೇಡವೆಂಬ ತೀರ್ಮಾನಕ್ಕೆ ಬರುವುದು ಸರಿಯಲ್ಲ, ಪ್ರಶ್ನೆ ಇರುವುದು ಸರದಿಯನ್ನು ಕುರಿತು ಮಾತ್ರ. ಓದು ಒಮ್ಮೆ ನೆಲೆಗೊಂಡ ಮೇಲೆ ಬಂದ ಸಂಗತಿಗಳು ಕೃತಿಯನ್ನು ಬೆಳಗಿಸುತ್ತವೆ: ಮಾಸ್ತಿಯವರು ‘ಶ್ರೀನಿವಾಸ’ ಎಂದೂ ಬೇಂದ್ರೆಯವರು ‘ಅಂಬಿಕಾತನಯದತ್ತ’ ಎಂದೂ ಕಾವ್ಯನಾಮ ಇಟ್ಟುಕೊಂಡದ್ದು ಬರಿಯ ರೂಢಿಯಂತೆ ಕಾಣದೆ, ಬಾಳುವ ವ್ಯಕ್ತಿಗೂ ಬರೆಯುವ ವ್ಯಕ್ತಿಗೂ ನಡುವೆ ಅವರೇ ಎಳೆದ ಗೆರೆಯಂತೆ ಕಾಣತೊಡಗುತ್ತದೆ. ಅಂಬಿಕೆಯ ಮಗನಾದ ದತ್ತನೆಂಬ ಆ ಹೆಸರು ತಾಯಿಯ ಹೆಸರನ್ನು ಮುಂದಿಟ್ಟುಕೊಂಡಿರುವುದನ್ನು ತಿಳಿದ ಓದುಗರು ಕೂಸನ್ನು ಕಳೆದುಕೊಂಡ ತಾಯಿಯ ಕವನಕ್ಕೆ ಮರಳಿದಾಗ, ಮೊದಲು ಗಮನಿಸದ ಇನ್ನೊಂದು ಸಂಗತಿ ಎದುರಾಗುತ್ತದೆ. ಆ ತಾಯಿ ಕವನದುದ್ದಕ್ಕೂ ಒಂದು ಮಾತನ್ನೂ ಆಡುವುದಿಲ್ಲ. ಅವಳ ಕಣ್ಣು, ತುಟಿ, ಹಣೆ, ನಡುವೆ ಬಂದು ಹೋಗುವ ನಗೆ ಎಲ್ಲವನ್ನೂ ಗಂಡನೇ ಹೇಳುತ್ತಾನೆ. ಹಾಗೆ ನೋಡುವಾಗ ಅವಳಿಗೆ ಅವನಲ್ಲಿ ಏನು ಕಂಡಿತೆಂಬುದನ್ನು ಮಾತ್ರ ಅವನೂ ಹೇಳಿಲ್ಲ, ಕವಿಯೂ ಹೇಳಿಲ್ಲ.