ಎಸ್ಪ್ರೆಸೊ ಬಟ್ಟಲಿನಲ್ಲಿ ಬೆಳೆಗಾರನ ಕೆಲಸ: ಟ್ರಿಯೆಸ್ಟೆ ನಗರದ ಕಾಫಿಗೃಹಗಳು ಕಲಿಸುವ ಪಾಠ

ಬತ್ತ ಬೆಳೆಯುವ ರೈತ ತನ್ನ ಗದ್ದೆಯ ಅನ್ನವನ್ನು ಉಣ್ಣುತ್ತಾನೆ. ಕಬ್ಬು ಬೆಳೆಯುವವನು ಆಲೆಮನೆಯಲ್ಲಿಯೇ ಬೆಲ್ಲದ ರುಚಿ ನೋಡುತ್ತಾನೆ. ಆದರೆ ಕಾಫಿ ಬೆಳೆಗಾರರಲ್ಲಿ ತಮ್ಮ ತೋಟದ ಬೀಜವನ್ನೇ ಬೇರೆಯಾಗಿ ಹುರಿದು, ಹಾಲು ಸಕ್ಕರೆ ಬೆರೆಸದೆ ಕುಡಿದು ನೋಡಿದವರು ಕಡಿಮೆ. ಕಣದಿಂದ ಚೀಲಕ್ಕೆ, ಚೀಲದಿಂದ ತಕ್ಕಡಿಗೆ ಹೋದೊಡನೆ ಬೆಳೆಯೊಡನೆ ಇದ್ದ ಸಂಬಂಧ ಮುಗಿದುಹೋಗುತ್ತದೆ. ಆ ಬೀಜ ಯಾರ ಬಟ್ಟಲು ಸೇರಿತು, ಕುಡಿದವರು ಮೆಚ್ಚಿದರೋ ಮುಖ ಸಿಂಡರಿಸಿದರೋ ಎಂಬುದು ತೋಟಕ್ಕೆ ತಿಳಿಯುವುದಿಲ್ಲ.

ಭಾರತದ ಕಾಫಿಯನ್ನು ಹಲವು ವರ್ಷಗಳಿಂದ ಅತಿ ಹೆಚ್ಚಾಗಿ ಕೊಳ್ಳುತ್ತಿರುವ ದೇಶ ಇಟಲಿ. ದೇಶದ ಕಾಫಿ ಉತ್ಪಾದನೆಯಲ್ಲಿ ಸುಮಾರು ಶೇಕಡ 70 ಭಾಗ ಕರ್ನಾಟಕದ್ದು. ಆದುದರಿಂದ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಬೆಳೆಗಾರರ ನಿಜವಾದ ಗಿರಾಕಿ ಹೇಗೆ ಕಾಫಿ ಕುಡಿಯುತ್ತಾನೆ ಎಂಬುದನ್ನು ತಿಳಿಯಬೇಕಾದರೆ ಇಟಲಿಯ ಒಂದು ನಗರವನ್ನು ನೋಡಬೇಕು. ಇದಕ್ಕೆ ಟ್ರಿಯೆಸ್ಟೆಗಿಂತ ಸೂಕ್ತವಾದ ಊರು ದೊರೆಯುವುದು ಕಷ್ಟ.

ಕಾಫಿಯ ಬಂದರು

ಟ್ರಿಯೆಸ್ಟೆ ಇಟಲಿಯ ಈಶಾನ್ಯ ಮೂಲೆಯಲ್ಲಿ, ಏಡ್ರಿಯಾಟಿಕ್ ಸಮುದ್ರದ ದಂಡೆಯ ಮೇಲಿದೆ. 1719ರಲ್ಲಿ ಆಸ್ಟ್ರಿಯದ ಚಕ್ರವರ್ತಿ ಆರನೆಯ ಚಾರ್ಲ್ಸ್ ಇದನ್ನು ಸುಂಕವಿಲ್ಲದ ಮುಕ್ತ ಬಂದರೆಂದು ಸಾರಿದನು. ಅಂದಿನಿಂದ ವಿಯೆನ್ನ ಮೊದಲಾದ ಒಳನಾಡಿನ ಪಟ್ಟಣಗಳಿಗೆ ಬೇಕಾದ ಕಾಫಿ ಇಲ್ಲಿ ಇಳಿಯತೊಡಗಿತು. 1869ರಲ್ಲಿ ಸುಯೆಜ್ ಕಾಲುವೆ ತೆರೆದ ಮೇಲೆ ಪೂರ್ವದೇಶಗಳ ಸರಕಿಗೆ ದಾರಿ ಇನ್ನೂ ಹತ್ತಿರವಾಯಿತು. ಮೊದಲನೆಯ ಮಹಾಯುದ್ಧದ ನಂತರ ನಗರ ಇಟಲಿಗೆ ಸೇರಿದರೂ ಕಾಫಿಯ ವ್ಯಾಪಾರ ಉಳಿದುಕೊಂಡಿತು. ಆಮದುಗಾರರು, ಉಗ್ರಾಣಗಳು, ಹುರಿಯುವ ಕಾರ್ಖಾನೆಗಳು, ರುಚಿ ಪರೀಕ್ಷಕರು, ಕಾಫಿಗೃಹಗಳು ಎಲ್ಲವೂ ಒಂದೇ ಊರಿನಲ್ಲಿ ಇರುವುದು ಇಲ್ಲಿಯ ವಿಶೇಷ. ಹೌಸ್‌ಬ್ರಾಂಟ್ ಸಂಸ್ಥೆ 1892ರಲ್ಲಿಯೂ, ಫ್ರಾಂಚೆಸ್ಕೊ ಇಲ್ಲಿ ಎಂಬುವರ ಇಲ್ಲಿ ಕಾಫಿ ಸಂಸ್ಥೆ 1933ರಲ್ಲಿಯೂ ಇಲ್ಲಿಯೇ ಹುಟ್ಟಿದವು.

ಕಾಫಿಗೃಹಗಳ ಸುತ್ತಾಟ

ಕಾಫಿಪ್ರಿಯನಾದ ಪ್ರವಾಸಿ ಈ ನಗರದಲ್ಲಿ ಒಂದು ದಿನ ಕಾಲ್ನಡಿಗೆಯಲ್ಲಿಯೇ ಹಲವು ಹಳೆಯ ಕಾಫಿಗೃಹಗಳನ್ನು ನೋಡಬಹುದು. ಸಮುದ್ರಕ್ಕೆ ತೆರೆದುಕೊಂಡಿರುವ ದೊಡ್ಡ ಚೌಕದಲ್ಲಿ 1839ರ ಕಾಫೆ ದೆಲಿ ಸ್ಪೆಕ್ಕಿ, ಅಂದರೆ ಕನ್ನಡಿಗಳ ಕಾಫಿಗೃಹ ಇದೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ 1830ರ ಕಾಫೆ ತೊಮ್ಮಸೇಯೊ ಇದೆ. ಉಳಿದಿರುವ ಕಾಫಿಗೃಹಗಳಲ್ಲಿ ಇದೇ ಅತ್ಯಂತ ಹಳೆಯದು. ಊರೊಳಕ್ಕೆ ನಡೆದರೆ 1914ರಲ್ಲಿ ತೆರೆದ ಕಾಫೆ ಸಾನ್ ಮಾರ್ಕೊ ಸಿಗುತ್ತದೆ. 1915ರಲ್ಲಿ ಯುದ್ಧದ ಕಾಲದಲ್ಲಿ ಸೈನಿಕರು ಇದನ್ನು ಹಾಳುಗೆಡವಿದ್ದರು. ಈಗ ಅದರೊಳಗೆ ಪುಸ್ತಕದ ಅಂಗಡಿಯೂ ಇದೆ.

ಇಲ್ಲಿ ಕಾಫಿ ಕೇಳುವುದಕ್ಕೂ ಊರಿನದೇ ಭಾಷೆ ಇದೆ. ಬರಿಯ ಎಸ್ಪ್ರೆಸೊ ಬೇಕಾದವರು ‘ನೇರೊ’ ಎನ್ನುತ್ತಾರೆ, ಅದರರ್ಥ ಕಪ್ಪು. ಸ್ವಲ್ಪ ಹಾಲುನೊರೆ ಹಾಕಿದ ಚಿಕ್ಕ ಕಾಫಿ ‘ಕಾಪೊ’. ಅದನ್ನೇ ಗಾಜಿನ ಲೋಟದಲ್ಲಿ ಕೇಳಿದರೆ ‘ಕಾಪೊ ಇನ್ ಬಿ’. ಹೆಚ್ಚಿನವರು ಕುಳಿತುಕೊಳ್ಳುವುದಿಲ್ಲ. ಕಟ್ಟೆಯ ಮುಂದೆ ನಿಂತು, ಎರಡು ಮೂರು ಗುಟುಕಿನಲ್ಲಿ ಕುಡಿದು, ಕೆಲಸಕ್ಕೆ ಹೋಗುತ್ತಾರೆ. ನಿಂತು ಕುಡಿದರೆ ಬೆಲೆಯೂ ಕಡಿಮೆ. ನಮ್ಮ ದರ್ಶಿನಿಗಳ ಅಭ್ಯಾಸ ಬಲ್ಲವರಿಗೆ ಇದು ಹೊಸದಾಗಿ ತೋರುವುದಿಲ್ಲ. ವ್ಯತ್ಯಾಸವಿರುವುದು ಬಟ್ಟಲಿನ ಒಳಗೆ.

ಎಸ್ಪ್ರೆಸೊ ಎಂದರೇನು?

ನಮ್ಮ ಮನೆಯ ಫಿಲ್ಟರಿನಲ್ಲಿ ಬಿಸಿನೀರು ತನ್ನ ಭಾರದಿಂದಲೇ ಪುಡಿಯ ಮೂಲಕ ಇಳಿದು ಡಿಕಾಕ್ಷನ್ ತೊಟ್ಟಿಕ್ಕುತ್ತದೆ. ಎಸ್ಪ್ರೆಸೊ ಯಂತ್ರದಲ್ಲಿ ನೀರನ್ನು ಒತ್ತಡದಿಂದ ನುಗ್ಗಿಸಲಾಗುತ್ತದೆ. ಇಟಲಿಯಲ್ಲಿ ಒಪ್ಪಿರುವ ಪದ್ಧತಿಯಂತೆ ಒಂದು ಬಟ್ಟಲಿಗೆ ಸುಮಾರು 7 ಗ್ರಾಂ ಪುಡಿ, 90 ಡಿಗ್ರಿ ಸೆಲ್ಸಿಯಸ್ ಸಮೀಪದ ನೀರು, ವಾತಾವರಣದ ಒತ್ತಡದ ಸುಮಾರು 9 ಪಟ್ಟು ಒತ್ತಡ ಹಾಗೂ 25 ಸೆಕೆಂಡು ಸಮಯ ಬೇಕು. ದೊರೆಯುವ ಕಾಫಿ ಕೇವಲ 25 ಮಿಲಿಲೀಟರ್. ಇಂತಹ ಯಂತ್ರಕ್ಕೆ ಮಿಲಾನಿನ ಲುಯಿಜಿ ಬೆಝೆರಾ 1901ರಲ್ಲಿ ಪೇಟೆಂಟ್ ಪಡೆದರು. 1948ರಲ್ಲಿ ಅಕಿಲ್ಲೆ ಗಾಜಿಯಾ ಅವರ ಸನ್ನೆಕೋಲಿನ ಯಂತ್ರ ಬಂದ ಮೇಲೆ ಕಾಫಿಯ ಮೇಲೆ ‘ಕ್ರೆಮಾ’ ಎಂಬ ಹೊಂಬಣ್ಣದ ದಟ್ಟ ನೊರೆ ನಿಲ್ಲುವಂತಾಯಿತು.

ಬೆಳೆಗಾರರು ಗಮನಿಸಬೇಕಾದ ಅಂಶವೆಂದರೆ, ಒತ್ತಡದಿಂದ ಇಳಿಸಿದ ಈ ಗಟ್ಟಿ ಕಾಫಿಯಲ್ಲಿ ಬೀಜದ ಗುಣವೂ ದೋಷವೂ ಒಟ್ಟಿಗೆ ಎದ್ದು ಕಾಣುತ್ತವೆ. ಹಾಲು, ಸಕ್ಕರೆ ಮತ್ತು ಚಿಕೋರಿ ಬೆರೆತ ನಮ್ಮ ಕಾಫಿಯಲ್ಲಿ ಸ್ವಲ್ಪ ಮುಗ್ಗಲು ವಾಸನೆ ಇದ್ದರೂ ಅದು ಅಡಗಿಹೋಗುತ್ತದೆ. ನೇರೊ ಬಟ್ಟಲಿನಲ್ಲಿ ಅಡಗಲು ಜಾಗವಿಲ್ಲ.

ಹುರಿಯುವ ಕಾರ್ಖಾನೆಯ ಬೇಡಿಕೆ

ಹುರಿಯುವವರು ಒಂದೇ ದೇಶದ ಬೀಜವನ್ನು ನಂಬಿ ಕುಳಿತಿರುವುದಿಲ್ಲ. ಬ್ರೆಜಿಲ್, ಇಥಿಯೋಪಿಯ, ಮಧ್ಯ ಅಮೆರಿಕ, ಭಾರತ ಮುಂತಾದ ಕಡೆಗಳ ಬೀಜಗಳನ್ನು ಹದವಾಗಿ ಬೆರೆಸಿ, ವರ್ಷವಿಡೀ ಒಂದೇ ರುಚಿ ಬರುವಂತೆ ನೋಡಿಕೊಳ್ಳುತ್ತಾರೆ. ಇಂತಹ ಮಿಶ್ರಣದಲ್ಲಿ ಭಾರತದ ಕಾಫಿಗೆ ತನ್ನದೇ ಸ್ಥಾನವಿದೆ. ನೆರಳಿನಲ್ಲಿ ಬೆಳೆದ ನಮ್ಮ ಅರೇಬಿಕಾದಲ್ಲಿ ಹುಳಿ ಸೌಮ್ಯವಾಗಿದ್ದು ಮೈ ತುಂಬಿರುತ್ತದೆ. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟಿದೆ. ಅದು ಕಾಫಿಗೆ ದಟ್ಟತೆಯನ್ನೂ ಹೆಚ್ಚು ನೊರೆಯನ್ನೂ ಕೊಡುತ್ತದೆ. ಪಲ್ಪ್ ಮಾಡಿ ತೊಳೆದ ರೊಬಸ್ಟಾ ಪಾರ್ಚ್‌ಮೆಂಟ್ ಒರಟು ವಾಸನೆ ಇಲ್ಲದೆ ಈ ಗುಣಗಳನ್ನು ಒದಗಿಸುವುದರಿಂದ ಎಸ್ಪ್ರೆಸೊ ತಯಾರಕರು ಅದನ್ನು ಹುಡುಕಿ ಕೊಳ್ಳುತ್ತಾರೆ. ಪಶ್ಚಿಮ ಕರಾವಳಿಯ ಉಗ್ರಾಣಗಳಲ್ಲಿ ಮುಂಗಾರಿನ ತೇವದ ಗಾಳಿಗೆ ಒಡ್ಡಿ ಉಬ್ಬಿಸಿದ, ಹೊಂಬಣ್ಣಕ್ಕೆ ತಿರುಗಿದ ಮಾನ್ಸೂನ್ಡ್ ಮಲಬಾರ್ ಕಾಫಿಗೂ ಇದೇ ಕಾರಣದಿಂದ ಬೇಡಿಕೆ ಇದೆ.

ಬೀಜವನ್ನು ಸುಮಾರು 200ರಿಂದ 230 ಡಿಗ್ರಿವರೆಗೆ ಹುರಿದಾಗ ಅದರ ತೂಕ ಶೇಕಡ 15ರಿಂದ 18ರಷ್ಟು ಇಳಿಯುತ್ತದೆ. ಹುರಿಯುವ ಮೊದಲು ದೊಡ್ಡ ಕಾರ್ಖಾನೆಗಳಲ್ಲಿ ಬಣ್ಣ ಗುರುತಿಸುವ ಯಂತ್ರಗಳು ಕಪ್ಪು ಬೀಜಗಳನ್ನು ಗಾಳಿಯಿಂದ ಊದಿ ಹೊರಹಾಕುತ್ತವೆ. ಆದರೆ ಕಣ್ಣಿಗೆ ಚೆನ್ನಾಗಿ ಕಂಡು ಒಳಗೆ ಕೊಳೆತ ಬೀಜವನ್ನು ಯಂತ್ರ ಸುಲಭವಾಗಿ ಹಿಡಿಯಲಾರದು. ಅದನ್ನು ತಡೆಯಬಲ್ಲವನು ಬೆಳೆಗಾರ ಒಬ್ಬನೇ.

ಒಂದು ಸಣ್ಣ ಲೆಕ್ಕ

50 ಕಿ.ಗ್ರಾಂ. ಅರೇಬಿಕಾ ಪಾರ್ಚ್‌ಮೆಂಟಿನಿಂದ ಸಿಪ್ಪೆ ತೆಗೆದ ಮೇಲೆ ಸುಮಾರು 40 ಕಿ.ಗ್ರಾಂ. ಬೀಜ ದೊರೆಯುತ್ತದೆ. ಹುರಿದಾಗ ಅದು ಸುಮಾರು 33 ಕಿ.ಗ್ರಾಂ. ಆಗುತ್ತದೆ. ಬಟ್ಟಲಿಗೆ 7 ಗ್ರಾಂನಂತೆ ಒಂದು ಚೀಲದಿಂದ 4,700ಕ್ಕೂ ಹೆಚ್ಚು ಬಟ್ಟಲು ಎಸ್ಪ್ರೆಸೊ ಆಗುತ್ತದೆ. ಒಂದೊಂದು ಬಟ್ಟಲಿಗೆ ತಗಲುವುದು ಹೆಚ್ಚು ಕಡಿಮೆ 50 ಬೀಜ.

ಈಗ ಆ ಚೀಲದಲ್ಲಿ ಶೇಕಡ ಒಂದು ಭಾಗ ಮಾತ್ರ ಕೆಟ್ಟ ಬೀಜವಿದೆ ಎಂದುಕೊಳ್ಳೋಣ. ಕಣದಲ್ಲಿ ನಿಂತವರಿಗೆ ಇದು ಲೆಕ್ಕಕ್ಕೆ ಬಾರದ ಪ್ರಮಾಣ. ಆದರೆ 50ಕ್ಕೆ ಶೇಕಡ ಒಂದು ಎಂದರೆ ಅರ್ಧ ಬೀಜ. ಸರಾಸರಿ ಎರಡು ಬಟ್ಟಲಿಗೆ ಒಂದು ಕೆಟ್ಟ ಬೀಜ ಬಿದ್ದ ಹಾಗಾಯಿತು. ನಾರುವ ಒಂದು ಬೀಜ ಒಂದು ಬಟ್ಟಲನ್ನು ಕೆಡಿಸಲು ಸಾಕು. ಹೀಗೆ ತೋಟದಲ್ಲಿ ನೂರಕ್ಕೆ ಒಂದಾಗಿದ್ದ ದೋಷ ಗಿರಾಕಿಯ ಬಳಿ ಎರಡಕ್ಕೆ ಒಂದಾಗುತ್ತದೆ. ಕೊಳ್ಳುವವರು ಏಕೆ ಇಷ್ಟು ಕಟ್ಟುನಿಟ್ಟು ಮಾಡುತ್ತಾರೆ ಎಂಬುದಕ್ಕೆ ಉತ್ತರ ಈ ಲೆಕ್ಕದಲ್ಲಿದೆ.

ದೋಷ ಹುಟ್ಟುವುದು ಎಲ್ಲಿ?

ಎಳೆಯ ಕಾಯಿಯ ಬೀಜ ಹುರಿದಾಗ ಕಂದಾಗದೆ ಬಿಳಿಚಿಕೊಂಡೇ ಉಳಿಯುತ್ತದೆ. ರುಚಿ ಹಸಿಕಡಲೆ ಅಥವಾ ಒಣಹುಲ್ಲಿನಂತಿರುತ್ತದೆ. ಕೊಂಬೆ ಸವರಿ ಒಂದೇ ಸಾರಿ ಕಿತ್ತಾಗ ಇಂತಹ ಬೀಜ ಹೆಚ್ಚು. ಪಲ್ಪರಿನ ಸಂದಿಯಲ್ಲೋ ತೊಟ್ಟಿಯ ಮೂಲೆಯಲ್ಲೋ ಹಿಂದಿನ ದಿನದ ಬೀಜ ಉಳಿದು ಕೊಳೆತರೆ ‘ನಾರುವ ಬೀಜ’ ಉಂಟಾಗುತ್ತದೆ. ನೆಲಕ್ಕೆ ಉದುರಿದ ಹಣ್ಣಿನಿಂದ ಕಪ್ಪು ಬೀಜವೂ ಮಣ್ಣಿನ ವಾಸನೆಯೂ ಬರುತ್ತವೆ. ಸರಿಯಾಗಿ ಒಣಗದ ಅಥವಾ ಮತ್ತೆ ನೆನೆದ ಬೀಜದಲ್ಲಿ ಬೂಷ್ಟು ಬೆಳೆಯುತ್ತದೆ. ಕೆಲವು ಬೂಷ್ಟುಗಳು ಆಕ್ರಟಾಕ್ಸಿನ್ ಎಂಬ ವಿಷವಸ್ತುವನ್ನು ಉತ್ಪತ್ತಿ ಮಾಡುತ್ತವೆ. ಹುರಿದ ಕಾಫಿಯಲ್ಲಿ ಆಕ್ರಟಾಕ್ಸಿನ್-ಎ ಇರಬಹುದಾದ ಗರಿಷ್ಠ ಮಿತಿಯನ್ನು ಐರೋಪ್ಯ ಒಕ್ಕೂಟವು 2023ರಿಂದ ಕಿಲೋಗ್ರಾಂಗೆ 5 ಮೈಕ್ರೋಗ್ರಾಂನಿಂದ 3 ಮೈಕ್ರೋಗ್ರಾಂಗೆ ಇಳಿಸಿದೆ. ಆದುದರಿಂದ ಒಣಗಿಸುವ ಕೆಲಸ ಈಗ ಕೇವಲ ರುಚಿಯ ಪ್ರಶ್ನೆಯಾಗಿ ಉಳಿದಿಲ್ಲ.

ಬೆಳೆಗಾರರು ಕೈಗೊಳ್ಳಬೇಕಾದ ಕ್ರಮಗಳು

1. ಹಣ್ಣಾದುದನ್ನು ಮಾತ್ರ ಆರಿಸಿ ಎರಡು ಮೂರು ಸುತ್ತಿನಲ್ಲಿ ಕೊಯ್ಯಬೇಕು. ಆಳುಗಳ ಕೊರತೆಯಿಂದ ಇದು ಸಾಧ್ಯವಾಗದಿದ್ದರೆ, ಕೊಯ್ದ ದಿನವೇ ಹಸಿರು ಕಾಯಿಯನ್ನು ಆರಿಸಿ ತೆಗೆದು, ಉಳಿದುದನ್ನು ನೀರಿನಲ್ಲಿ ಹಾಕಿ ತೇಲುವುದನ್ನು ಬೇರ್ಪಡಿಸಬೇಕು.

2. ಗಿಡದ ಬುಡಕ್ಕೆ ಚಾಪೆ ಅಥವಾ ತಾಟು ಹಾಸಿ ಕೀಳುವುದು ಒಳ್ಳೆಯದು. ಉದುರಿದ ಹಣ್ಣನ್ನು ಆರಿಸಿ ಬೇರೆಯಾಗಿಯೇ ಒಣಗಿಸಬೇಕು; ಒಳ್ಳೆಯ ಕಾಫಿಗೆ ಬೆರೆಸಬಾರದು. ಉದುರನ್ನು ತೋಟದಲ್ಲಿ ಬಿಟ್ಟರೆ ಕಾಯಿಕೊರಕ ಹುಳುವಿಗೂ ಆಸರೆಯಾಗುತ್ತದೆ.

3. ಹಣ್ಣನ್ನು ಕಿತ್ತ ದಿನವೇ ಪಲ್ಪ್ ಮಾಡಬೇಕು. ಪಲ್ಪರ್, ಕಾಲುವೆ ಮತ್ತು ತೊಟ್ಟಿಗಳನ್ನು ಪ್ರತಿದಿನವೂ ತೊಳೆದು, ಒಂದು ಬೀಜವೂ ಉಳಿಯದಂತೆ ನೋಡಿಕೊಳ್ಳಬೇಕು.

4. ಪಾರ್ಚ್‌ಮೆಂಟನ್ನು 4ರಿಂದ 5 ಸೆಂ.ಮೀ., ಚೆರಿಯನ್ನು ಸುಮಾರು 8 ಸೆಂ.ಮೀ. ದಪ್ಪಕ್ಕೆ ಮೀರದಂತೆ ಶುದ್ಧವಾದ ಗಾರೆ ಕಣದಲ್ಲಿ ಅಥವಾ ಅಟ್ಟಣೆಗಳ ಮೇಲೆ ಹರಡಿ, ಆಗಾಗ್ಗೆ ಕೈಯಾಡಿಸುತ್ತಿರಬೇಕು. ಸಂಜೆ ರಾಶಿ ಮಾಡಿ ಮಂಜು ಬೀಳದಂತೆ ಮುಚ್ಚಬೇಕು. ಕೊಯ್ಲಿನ ಕಾಲದಲ್ಲಿ ಅಕಾಲಿಕ ಮಳೆ ಬೀಳುವುದರಿಂದ ಹೊದಿಕೆಯನ್ನು ಮೊದಲೇ ಸಿದ್ಧಪಡಿಸಿಕೊಳ್ಳಬೇಕು.

5. ತೇವಾಂಶವು ಪಾರ್ಚ್‌ಮೆಂಟಿನಲ್ಲಿ ಶೇಕಡ 10, ಅರೇಬಿಕಾ ಚೆರಿಯಲ್ಲಿ 10.5, ರೊಬಸ್ಟಾ ಚೆರಿಯಲ್ಲಿ 11ಕ್ಕೆ ಇಳಿಯುವವರೆಗೆ ಒಣಗಿಸಬೇಕು.

6. ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಗೊಬ್ಬರ, ಕೀಟನಾಶಕ, ಡೀಸೆಲ್, ಕಾಳುಮೆಣಸು, ಏಲಕ್ಕಿ ಇರುವ ಕೋಣೆಯಲ್ಲಿ ಕಾಫಿ ಚೀಲಗಳನ್ನು ಇಡಬಾರದು. ಚೀಲಗಳನ್ನು ಮರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಜೋಡಿಸಬೇಕು.

ಮನೆಯಲ್ಲಿಯೇ ರುಚಿ ಪರೀಕ್ಷೆ

ಎಸ್ಪ್ರೆಸೊ ಯಂತ್ರವಿಲ್ಲದೆಯೂ ತನ್ನ ಕಾಫಿಯ ದೋಷವನ್ನು ಬೆಳೆಗಾರ ಕಂಡುಕೊಳ್ಳಬಹುದು. ಪ್ರತಿಯೊಂದು ದಿನದ ಕೊಯ್ಲಿನಿಂದ ಅರ್ಧ ಕಿ.ಗ್ರಾಂ. ಮಾದರಿ ತೆಗೆದು, ದಿನಾಂಕ ಮತ್ತು ತೋಟದ ಭಾಗವನ್ನು ಬರೆದು ಇಡಬೇಕು. ಒಣಗಿದ ಮೇಲೆ ಸಿಪ್ಪೆ ತೆಗೆದು, ಒಂದು ಹಿಡಿ ಬೀಜವನ್ನು ಕಬ್ಬಿಣದ ಬಾಣಲೆಯಲ್ಲಿ ಹದವಾಗಿ ಹುರಿದು, ಬಿಳಿಚಿಕೊಂಡ ಬೀಜ ನೂರಕ್ಕೆ ಎಷ್ಟು ಎಂದು ಎಣಿಸಬೇಕು. ನಂತರ ತರಿಯಾಗಿ ಪುಡಿ ಮಾಡಿ, 8 ಗ್ರಾಂ ಪುಡಿಯ ಮೇಲೆ ಕುದಿದು ಇಳಿಸಿದ 150 ಮಿಲಿಲೀಟರ್ ನೀರು ಸುರಿದು ನಾಲ್ಕು ನಿಮಿಷ ಬಿಡಬೇಕು. ಮೇಲೆ ಕಟ್ಟಿದ ಪದರವನ್ನು ಚಮಚದಿಂದ ಒಡೆದು ಮೂಸಿ, ನೊರೆ ತೆಗೆದು, ಸ್ವಲ್ಪ ಆರಿದ ಮೇಲೆ ಚಮಚದಲ್ಲಿ ಸೊರ್ರೆಂದು ಹೀರಿ ರುಚಿ ನೋಡಬೇಕು. ಹಾಲು ಸಕ್ಕರೆ ಕೂಡದು. ಒಂದೇ ಕಾಫಿಯನ್ನು ಐದು ಲೋಟಗಳಲ್ಲಿ ಮಾಡಿಟ್ಟರೆ, ಅವುಗಳಲ್ಲಿ ಒಂದು ಮಾತ್ರ ನಾರಿದಾಗ ದೋಷ ಅಲ್ಲಲ್ಲಿ ಸೇರಿಕೊಂಡಿದೆ ಎಂದು ತಿಳಿಯುತ್ತದೆ. ಎಲ್ಲ ಲೋಟಗಳೂ ಮುಗ್ಗಲಾಗಿದ್ದರೆ ಒಣಗಿಸುವಿಕೆ ಅಥವಾ ದಾಸ್ತಾನಿನಲ್ಲಿಯೇ ತಪ್ಪಾಗಿದೆ.

ಇದನ್ನು ಕ್ರಮವಾಗಿ ಕಲಿಯಲು ಬಯಸುವವರಿಗೆ ಕಾಫಿ ಮಂಡಳಿಯು ಬೆಂಗಳೂರಿನಲ್ಲಿ ‘ಕಾಪಿ ಶಾಸ್ತ್ರ’ ಎಂಬ ತರಬೇತಿಯನ್ನು ನಡೆಸಿಕೊಂಡು ಬಂದಿದೆ.

ಬೆಲೆಯ ಪ್ರಶ್ನೆ

ಇಷ್ಟೆಲ್ಲಾ ಮಾಡಿದರೂ ಊರಿನ ವ್ಯಾಪಾರಿ ಎಲ್ಲರಿಗೂ ಒಂದೇ ಬೆಲೆ ಕೊಡುತ್ತಾನಲ್ಲ ಎಂದು ಬೆಳೆಗಾರರು ಕೇಳುವುದು ಸಹಜ. ಆ ಮಾತಿನಲ್ಲಿ ಸತ್ಯವೂ ಇದೆ. ಹಿಂದೆ ಎಲ್ಲರ ಕಾಫಿಯೂ ಮಂಡಳಿಯ ಪೂಲಿಗೆ ಸೇರುತ್ತಿದ್ದಾಗ ತೋಟದ ಹೆಸರು ಗಿರಾಕಿಯವರೆಗೆ ಹೋಗುವಂತಿರಲಿಲ್ಲ. 1996ರಲ್ಲಿ ಬೆಳೆಗಾರರಿಗೆ ಪೂರ್ಣವಾಗಿ ಮುಕ್ತ ಮಾರಾಟದ ಅವಕಾಶ ದೊರೆಯಿತು. ಆದರೆ ಬೆರೆತ ರಾಶಿಗೆ ಬೆರೆತ ಬೆಲೆಯೇ ಸಿಗುತ್ತದೆ. ಬೇರೆಯಾಗಿ ಇಟ್ಟ ಕಾಫಿಯನ್ನು ಮಾತ್ರ ಬೇರೆಯಾಗಿ ತೋರಿಸಿ ಬೆಲೆ ಕೇಳಲು ಸಾಧ್ಯ.

ಇಡೀ ತೋಟದ ಪದ್ಧತಿಯನ್ನು ಒಂದೇ ವರ್ಷದಲ್ಲಿ ಬದಲಾಯಿಸುವುದು ಸಣ್ಣ ಹಿಡುವಳಿದಾರರಿಗೆ ಕಷ್ಟ. ಆದುದರಿಂದ ಮೊದಲ ವರ್ಷ ಬೆಳೆಯ ಹತ್ತನೆಯ ಒಂದು ಭಾಗವನ್ನು ಮಾತ್ರ ಮೇಲೆ ಹೇಳಿದಂತೆ ಸಂಸ್ಕರಿಸಿ, ಅದರ ಖರ್ಚು ಮತ್ತು ಬಂದ ಬೆಲೆಯನ್ನು ಬರೆದಿಟ್ಟು ಹೋಲಿಸಿ ನೋಡುವುದು ಜಾಣತನ. ನೆರೆಹೊರೆಯ ಹತ್ತಾರು ಬೆಳೆಗಾರರು ಕೂಡಿದರೆ ಕೊಳ್ಳುವವರಿಗೆ ಬೇಕಾದ ಪ್ರಮಾಣವನ್ನೂ ಒದಗಿಸಬಹುದು. ಆದರೆ ಗುಂಪಿಗೆ ಸೇರಿಸುವ ಮೊದಲು ಪ್ರತಿಯೊಬ್ಬರ ಮಾದರಿಯನ್ನೂ ರುಚಿ ನೋಡಿಯೇ ಸೇರಿಸಬೇಕು.

ಟ್ರಿಯೆಸ್ಟೆಯ ಕಟ್ಟೆಯ ಮುಂದೆ ನಿಂತು ನೇರೊ ಕುಡಿಯುವವನಿಗೆ ಸಕಲೇಶಪುರವಾಗಲಿ ಸೋಮವಾರಪೇಟೆಯಾಗಲಿ ಗೊತ್ತಿಲ್ಲ. ಅವನಿಗೆ ಗೊತ್ತಾಗುವುದು ಆ ಎರಡು ಗುಟುಕು ಮಾತ್ರ. ಅಲ್ಲಿ ಯಂತ್ರ ಮಾಡುವ ಕೆಲಸ 25 ಸೆಕೆಂಡಿನದು. ಇಲ್ಲಿ ಕೊಯ್ಲು ಮತ್ತು ಕಣದ ಕೆಲಸ ಹಲವು ವಾರಗಳದು. ಬೆಳೆಗಾರರು ಈ ಸಲದ ಕೊಯ್ಲಿನಿಂದಲೇ ಒಂದು ಮಾದರಿಯನ್ನಾದರೂ ಹುರಿದು, ಹಾಲಿಲ್ಲದೆ ಕುಡಿದು ನೋಡಬೇಕು. ತಪ್ಪು ಎಲ್ಲಿದೆ ಎಂಬುದನ್ನು ಆ ಲೋಟವೇ ತಿಳಿಸಿಕೊಡುತ್ತದೆ.